ಸಗಣಿಯ ಇದ್ದಿಲೋ, ಮೂಳೆಯ ಇದ್ದಿಲೋ? ಬಣ್ಣದ ನೀರಿಗೆ ಯಾವುದು ಹೊಂದುತ್ತದೆ

ನೂಲಿಗೆ ಬಣ್ಣ ಹಾಕಿದ ಮೇಲೆ ಉಳಿಯುವ ನೀರನ್ನು ತಿಳಿಯಾಗಿಸಲು ದನ, ಕುರಿ, ಕೋಳಿಗಳ ತ್ಯಾಜ್ಯದಿಂದ ಮಾಡಿದ ಬಯೋಚಾರ್ (ಗಾಳಿ ತಾಗದಂತೆ ಸುಟ್ಟು ಮಾಡಿದ ಇದ್ದಿಲು) ಬಳಸಬಹುದೇ ಎಂದು ಯೋಚಿಸುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವ ಗೊಬ್ಬರದ ಇದ್ದಿಲು ಒಳ್ಳೆಯದು? ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಅದಕ್ಕಿಂತ ಮೊದಲು ನಿಮ್ಮ ತೊಟ್ಟಿಯಲ್ಲಿ ಉಳಿದಿರುವ ಬಣ್ಣ ಯಾವ ಜಾತಿಯದು ಎಂಬುದು ಗೊತ್ತಾಗಬೇಕು. ಬಣ್ಣದ ಜಾತಿ ತಿಳಿಯದೆ ಇದ್ದಿಲು ಆರಿಸಲು ಹೊರಟವರು ಸಾಮಾನ್ಯವಾಗಿ ಮೂಟೆಗಟ್ಟಲೆ ಇದ್ದಿಲು ಸುರಿದು, ಕೆಂಪು ನೀರನ್ನು ಕಪ್ಪು ಕೆಸರಿನ ಕೆಂಪು ನೀರನ್ನಾಗಿ ಮಾಡಿಕೊಳ್ಳುತ್ತಾರೆ.

ಈ ಬರಹ ಇಳಕಲ್ಲು, ಗುಳೇದಗುಡ್ಡ, ರಬಕವಿ-ಬನಹಟ್ಟಿ, ಮೊಳಕಾಲ್ಮೂರು, ದೊಡ್ಡಬಳ್ಳಾಪುರದಂತಹ ನೇಕಾರಿಕೆಯ ಊರುಗಳಲ್ಲಿ ಸಣ್ಣ ಪ್ರಮಾಣದಲ್ಲಿ ನೂಲು, ರೇಷ್ಮೆಗೆ ಬಣ್ಣ ಹಾಕುವವರನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಕಾಲೇಜಿನ ಪ್ರಾಜೆಕ್ಟಿಗಾಗಿ ಇದೇ ವಿಷಯ ಹಿಡಿದಿರುವ ವಿದ್ಯಾರ್ಥಿಗಳಿಗೂ ಕೆಲವು ಮಾತುಗಳು ಉಪಯೋಗಕ್ಕೆ ಬರಬಹುದು. ದಿನಕ್ಕೆ ಲಕ್ಷಗಟ್ಟಲೆ ಲೀಟರ್ ನೀರು ಬಿಡುವ ಕಾರ್ಖಾನೆಗಳ ಲೆಕ್ಕ ಬೇರೆಯೇ.

ಮೊದಲು ಬಣ್ಣದ ಜಾತಿ

ನೀರಿನಲ್ಲಿ ಕರಗುವ ಬಣ್ಣಗಳಲ್ಲಿ ಎರಡು ಪಂಗಡ. ಒಂದರ ಅಣುಗಳಿಗೆ ಧನ ವಿದ್ಯುದಾವೇಶ ಇರುತ್ತದೆ: ಮೆಥಿಲೀನ್ ಬ್ಲೂ, ಮ್ಯಾಲಕೈಟ್ ಗ್ರೀನ್, ಕ್ರಿಸ್ಟಲ್ ವಯಲೆಟ್ ಈ ಗುಂಪಿನವು. ಇವನ್ನು ಬೇಸಿಕ್ ಬಣ್ಣಗಳೆನ್ನುತ್ತಾರೆ. ಇನ್ನೊಂದು ಪಂಗಡಕ್ಕೆ ಋಣ ವಿದ್ಯುದಾವೇಶ: ಹತ್ತಿಗೆ ಹಾಕುವ ರಿಯಾಕ್ಟಿವ್ ಮತ್ತು ಡೈರೆಕ್ಟ್ ಬಣ್ಣಗಳು, ರೇಷ್ಮೆಗೆ ಮತ್ತು ಉಣ್ಣೆಗೆ ಹಾಕುವ ಆ್ಯಸಿಡ್ ಬಣ್ಣಗಳು. ಮೂರನೆಯದಾಗಿ, ನೀರಿನಲ್ಲಿ ಕರಗದೆ ಸೂಕ್ಷ್ಮ ಕಣಗಳಾಗಿ ತೇಲುವವು: ಇಂಡಿಗೊ ಸೇರಿದಂತೆ ವ್ಯಾಟ್ ಬಣ್ಣಗಳು, ಪಾಲಿಯೆಸ್ಟರಿಗೆ ಹಾಕುವ ಡಿಸ್ಪರ್ಸ್ ಬಣ್ಣಗಳು.

ಗೊಬ್ಬರದಿಂದ ಮಾಡಿದ ಇದ್ದಿಲಿನ ಮೇಲ್ಮೈ ಸಾಮಾನ್ಯವಾಗಿ ಕ್ಷಾರದ ಸ್ವಭಾವದ್ದು. ಅದರ ಮೇಲ್ಮೈಯ ಆವೇಶ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ: ಏಳಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ) ನೋಡಿಕೊಂಡು ಬದಲಾಗುತ್ತದೆ. ಪಿಎಚ್ ಒಂದು ಮಟ್ಟಕ್ಕಿಂತ ಮೇಲಿದ್ದರೆ ಮೇಲ್ಮೈ ಋಣ, ಕೆಳಗಿದ್ದರೆ ಧನ. ಋಣ ಮೇಲ್ಮೈಗೆ ಧನ ಬಣ್ಣ ತಾನಾಗಿ ಬಂದು ಅಂಟುತ್ತದೆ. ಋಣ ಬಣ್ಣವನ್ನು ಅದು ದೂರ ತಳ್ಳುತ್ತದೆ. ಹಾಗೆಂದು ಆವೇಶವೇ ಎಲ್ಲವೂ ಅಲ್ಲ. ಇದ್ದಿಲಿನಲ್ಲಿ ಇಂಗಾಲದ ಪರಮಾಣುಗಳು ಕಟ್ಟಿಕೊಂಡ ಉಂಗುರ ರಚನೆಗೂ ಬಣ್ಣದ ಅಣುವಿನ ಉಂಗುರ ರಚನೆಗೂ ನಡುವಿನ ಆಕರ್ಷಣೆ, ರಂಧ್ರಗಳಲ್ಲಿ ಸಿಕ್ಕಿಕೊಳ್ಳುವಿಕೆ, ಇದ್ದಿಲಿನಲ್ಲಿರುವ ಕ್ಯಾಲ್ಸಿಯಂ, ಪೊಟ್ಯಾಸಿಯಂ ಜೊತೆಗಿನ ವಿನಿಮಯ ಇವೆಲ್ಲವೂ ಕೆಲಸ ಮಾಡುತ್ತವೆ. ಆದರೂ ಸಣ್ಣ ಘಟಕದ ಅನುಭವದಲ್ಲಿ ಗೆಲುವು ಸೋಲನ್ನು ನಿರ್ಧರಿಸುವುದು ಬಹುತೇಕ ಆವೇಶ ಮತ್ತು ಪಿಎಚ್.

ಸಂಶೋಧನಾ ಪ್ರಬಂಧಗಳ ಅಂಕಿಗಳನ್ನು ಓದುವಾಗ ಎಚ್ಚರ ಬೇಕಾದ ಕಾರಣ ಇಲ್ಲಿದೆ. ಪ್ರಯೋಗಾಲಯಗಳ ಮುದ್ದಿನ ಬಣ್ಣ ಮೆಥಿಲೀನ್ ಬ್ಲೂ. ಅದು ಅಗ್ಗ, ಅಳೆಯಲು ಸುಲಭ, ಗೊಬ್ಬರದ ಇದ್ದಿಲಿಗೆ ಬೇಗ ಅಂಟುತ್ತದೆ. ಒಂದು ಗ್ರಾಂ ಇದ್ದಿಲು ಹತ್ತಾರು ಮಿಲಿಗ್ರಾಂ ಮೆಥಿಲೀನ್ ಬ್ಲೂ ಹಿಡಿಯುವುದು ಸಾಮಾನ್ಯ. ಹದ ಮಾಡಿದ ಇದ್ದಿಲು ಅದಕ್ಕಿಂತಲೂ ಹೆಚ್ಚು ಹಿಡಿಯುತ್ತದೆ. ಆದರೆ ಅಳತೆ ನಡೆದಿರುವುದು ಬಟ್ಟಿ ಇಳಿಸಿದ ನೀರಿನಲ್ಲಿ, ಒಂದೇ ಬಣ್ಣದ ಮೇಲೆ. ಹತ್ತಿಯ ನೂಲಿನ ಬಣ್ಣದ ಮನೆಯಲ್ಲಿ ಮೆಥಿಲೀನ್ ಬ್ಲೂ ಎಲ್ಲಿದೆ? ಇನ್ನೊಂದು ಮುದ್ದಿನ ಬಣ್ಣ ಕಾಂಗೊ ರೆಡ್. ಅದು ಕ್ಯಾನ್ಸರ್ ತರುವ ಬೆಂಜಿಡೀನ್ ಎಂಬ ರಾಸಾಯನಿಕದ ಮೂಲದ್ದು, ಅಂತಹ ಬಣ್ಣಗಳನ್ನು ಭಾರತದಲ್ಲಿ 1990ರ ದಶಕದಲ್ಲಿಯೇ ನಿಷೇಧಿಸಲಾಗಿದೆ. ನಿಮ್ಮ ಹಂಡೆಯಲ್ಲಿ ಅದೂ ಇರಬಾರದು.

ಹತ್ತಿಗೆ ರಿಯಾಕ್ಟಿವ್ ಬಣ್ಣ ಹಾಕಿದ ನೀರನ್ನೇ ನೋಡಿ. ಬಣ್ಣದ ಒಂದು ಪಾಲು ನೂಲಿಗೆ ಹತ್ತದೆ ನೀರಿನಲ್ಲೇ ಉಳಿಯುತ್ತದೆ. ಒಳ್ಳೆಯ ಬಣ್ಣದಲ್ಲಿ ಶೇಕಡಾ 10, ಕೆಲವದರಲ್ಲಿ ಶೇಕಡಾ 40ರವರೆಗೂ. ಜೊತೆಗೆ ಲೀಟರಿಗೆ ಹತ್ತಾರು ಗ್ರಾಂ ಉಪ್ಪು. ಸೋಡಾ ಹಾಕಿರುವುದರಿಂದ ಪಿಎಚ್ 10ರಿಂದ 11. ಅಷ್ಟು ಕ್ಷಾರದಲ್ಲಿ ಇದ್ದಿಲಿನ ಮೇಲ್ಮೈ ಪೂರ್ತಿ ಋಣ, ಬಣ್ಣವೂ ಋಣ. ಕುತೂಹಲದ ಸಂಗತಿಯೆಂದರೆ ಉಪ್ಪು ಇಲ್ಲಿ ಸ್ವಲ್ಪ ಸಹಾಯಕ್ಕೆ ಬರುತ್ತದೆ: ಎರಡು ಋಣಗಳ ನಡುವಿನ ತಳ್ಳಾಟವನ್ನು ಅದು ಮಂದ ಮಾಡುವುದರಿಂದ ರಿಯಾಕ್ಟಿವ್ ಬಣ್ಣದ ಹಿಡಿತ ಒಮ್ಮೊಮ್ಮೆ ಉಪ್ಪಿನ ನೀರಿನಲ್ಲೇ ಹೆಚ್ಚಾಗುತ್ತದೆ. ಧನ ಬಣ್ಣಗಳ ವಿಷಯದಲ್ಲಿ ಇದು ತಿರುಗುಮುರುಗು. ಅಲ್ಲಿ ಉಪ್ಪಿನ ಸೋಡಿಯಂ ಬಣ್ಣದ ಜಾಗಕ್ಕೇ ಪೈಪೋಟಿಗೆ ನಿಲ್ಲುತ್ತದೆ.

ರೇಷ್ಮೆಗೆ ಬಣ್ಣ ಹಾಕುವವರ ಪರಿಸ್ಥಿತಿ ಇದಕ್ಕಿಂತ ಎಷ್ಟೋ ವಾಸಿ. ಆ್ಯಸಿಡ್ ಬಣ್ಣದ ಹಂಡೆಗೆ ಅಸಿಟಿಕ್ ಆಮ್ಲ ಹಾಕಿರುತ್ತಾರೆ. ನೀರಿನ ಪಿಎಚ್ ಐದರ ಆಸುಪಾಸು. ಇದ್ದಿಲಿನ ಮೇಲ್ಮೈ ಧನದ ಕಡೆಗೆ ವಾಲುವುದರಿಂದ ಋಣ ಬಣ್ಣ ಹಿಡಿಯುತ್ತದೆ. ಆದರೆ ತೊಳೆಯದ ಗೊಬ್ಬರದ ಇದ್ದಿಲನ್ನು ಸುರಿದರೆ ಅದರ ಬೂದಿಯೇ ನೀರನ್ನು ಕ್ಷಾರಕ್ಕೆ ತಿರುಗಿಸಿ, ಸಿಗಬಹುದಾದ ಲಾಭವನ್ನು ಕಿತ್ತುಕೊಳ್ಳುತ್ತದೆ. ಇನ್ನೊಂದು ಮಾತು: ರೇಷ್ಮೆಯ ಗೋಂದು ತೆಗೆದ ಸಾಬೂನು ನೀರನ್ನು ಬಣ್ಣದ ನೀರಿಗೆ ಬೆರೆಸಬೇಡಿ. ಹಸಿ ರೇಷ್ಮೆಯ ತೂಕದಲ್ಲಿ ಸುಮಾರು ಕಾಲು ಭಾಗ ಆ ಗೋಂದು. ಅದು ಇದ್ದಿಲಿನ ಮೇಲೆ ಪದರವಾಗಿ ಕುಳಿತರೆ ಬಣ್ಣಕ್ಕೆ ಜಾಗ ಉಳಿಯುವುದಿಲ್ಲ.

ಕರಗದ ಬಣ್ಣಗಳಿಗೆ ಇದ್ದಿಲು ಹಾಕುವುದು ದುಂದು. ಬಳ್ಳಾರಿಯ ಜೀನ್ಸ್ ತೊಳೆದ ನೀಲಿ ನೀರಿಗಾಗಲಿ, ವ್ಯಾಟ್ ಬಣ್ಣದ ನೀರಿಗಾಗಲಿ ಮೊದಲು ಬೇಕಾದದ್ದು ಪಟಿಕ, ಇಲ್ಲವೇ ಸುಣ್ಣದ ಜೊತೆ ಅನ್ನಭೇದಿ (ಫೆರಸ್ ಸಲ್ಫೇಟ್). ಕಣಗಳು ಗುಂಪುಗಟ್ಟಿ ತಳಕ್ಕಿಳಿಯುತ್ತವೆ. ವ್ಯಾಟ್ ಹಂಡೆಯಲ್ಲಿ ಬಣ್ಣ ಕರಗಿಸಲು ಹಾಕಿದ ಹೈಡ್ರೋಸ್ (ಸೋಡಿಯಂ ಹೈಡ್ರೋಸಲ್ಫೈಟ್) ಮತ್ತು ಕಾಸ್ಟಿಕ್ ಸೋಡಾ ಉಳಿದಿದ್ದರೆ ಬಣ್ಣ ಇನ್ನೂ ಕರಗಿದ ಸ್ಥಿತಿಯಲ್ಲಿರುತ್ತದೆ. ನೀರಿಗೆ ಚೆನ್ನಾಗಿ ಗಾಳಿಯಾಡಿಸಿ, ಬಣ್ಣ ಮರಳಿ ಕಣವಾದ ಮೇಲೆ ಇಳಿಸಬೇಕು. ಮೇಲೆ ಉಳಿದ ತೆಳು ಛಾಯೆಗೆ ಇದ್ದಿಲು ಬೇಕಿದ್ದರೆ ಆಗ ನೋಡಬಹುದು.

ಈಗ ಗೊಬ್ಬರಗಳ ಸರದಿ

ಎಲ್ಲ ಗೊಬ್ಬರದ ಇದ್ದಿಲಿಗೂ ಒಂದು ಸಮಾನ ದೌರ್ಬಲ್ಯವಿದೆ: ಬೂದಿ ಹೆಚ್ಚು, ರಂಧ್ರ ಕಡಿಮೆ. ಒಂದು ಗ್ರಾಂ ಗೊಬ್ಬರದ ಇದ್ದಿಲಿನ ಒಳ ಮೇಲ್ಮೈ ಕೆಲವೇ ಚದರ ಮೀಟರುಗಳಿಂದ ಹತ್ತಾರು ಚದರ ಮೀಟರುಗಳಷ್ಟಿರುತ್ತದೆ. ಅಂಗಡಿಯ ಸಕ್ರಿಯ ಇಂಗಾಲದಲ್ಲಿ (ರಂಧ್ರ ಹೆಚ್ಚುವಂತೆ ಹದ ಮಾಡಿದ ಇದ್ದಿಲು) ಅದು 500ರಿಂದ 1500. ಹಾಗಾದರೆ ಗೊಬ್ಬರದ ಇದ್ದಿಲು ಏಕೆ ಬೇಕು? ಅದರಲ್ಲಿರುವ ಖನಿಜಗಳು ಮತ್ತು ಆಮ್ಲಜನಕದ ಗುಂಪುಗಳು ಧನ ಬಣ್ಣಗಳನ್ನು ಹಿಡಿಯುವುದರಲ್ಲಿ ಮೇಲ್ಮೈಯ ಕೊರತೆಯನ್ನು ಒಂದಿಷ್ಟು ತುಂಬಿಕೊಡುತ್ತವೆ, ಮತ್ತು ಕಚ್ಚಾವಸ್ತು ಊರಿನಲ್ಲೇ ಸಿಗುತ್ತದೆ. ಇಷ್ಟೇ ಅದರ ವಕಾಲತ್ತು.

ದನದ ಸಗಣಿಯ ವಿಷಯಕ್ಕೆ ಬಂದರೆ, ಹಸಿ ಸಗಣಿಯಲ್ಲಿ ಐದರಲ್ಲಿ ನಾಲ್ಕು ಪಾಲು ನೀರು. ನೇರವಾಗಿ ಸುಡಲಾಗದು, ಉತ್ತರ ಕರ್ನಾಟಕದವರ ಕುಳ್ಳು, ಹಳೆ ಮೈಸೂರಿನವರ ಬೆರಣಿ ಆಗಿ ಒಣಗಲೇಬೇಕು. ಅಂಗಳದಿಂದ ಬಾಚಿದ ಸಗಣಿಯಲ್ಲಿ ಮಣ್ಣು, ಮರಳು ಸೇರಿ ಬೂದಿ ಇನ್ನಷ್ಟು ಏರುತ್ತದೆ. ಕಲ್ಲು ಹಾಸಿದ ಕೊಟ್ಟಿಗೆಯದಾದರೆ ವಾಸಿ. ಬಂದ ಇದ್ದಿಲು ಪುಡಿಪುಡಿ. ಅದನ್ನು ಕೊಳವೆಯಲ್ಲಿ ತುಂಬಿ ನೀರು ಹಾಯಿಸಲು ಹೋದರೆ ಕಟ್ಟಿಕೊಳ್ಳುತ್ತದೆ. ಹಾಗಾಗಿ ಸಗಣಿ ಇದ್ದಿಲನ್ನು ತೊಟ್ಟಿಯಲ್ಲಿ ಕಲಕಿ, ತಳಕ್ಕಿಳಿಯಲು ಬಿಟ್ಟು, ಮೇಲಿನ ನೀರನ್ನು ಸೋಸುವ ರೀತಿಯೇ ಸರಿ. ಗೋಬರ್ ಗ್ಯಾಸ್ ಘಟಕ ಇರುವ ಮನೆಯಾದರೆ ಗ್ಯಾಸ್ ತೆಗೆದ ಮೇಲೆ ಹೊರಬರುವ ಬಗ್ಗಡವನ್ನು ಒಣಗಿಸಿ ಇದ್ದಿಲು ಮಾಡುವುದು ನನ್ನ ದೃಷ್ಟಿಯಲ್ಲಿ ಜಾಣತನ. ಉರುವಲು ಮೊದಲೇ ಕೈಸೇರಿರುತ್ತದೆ, ನಾರಿನ ಅಂಶ ಬಹಳಷ್ಟು ಉಳಿದಿರುತ್ತದೆ.

ಕುರಿ, ಮೇಕೆಯ ಹಿಕ್ಕೆ ನನ್ನ ಮೆಚ್ಚಿನ ಆಯ್ಕೆ. ಕಾರಣ ರಸಾಯನಶಾಸ್ತ್ರಕ್ಕಿಂತ ಹೆಚ್ಚಾಗಿ ಅನುಕೂಲದ್ದು. ಅದು ತಾನಾಗಿ ಗುಂಡಗಿನ ಕಾಳಾಗಿ ಬರುತ್ತದೆ, ಬೇಗ ಒಣಗುತ್ತದೆ, ಡ್ರಮ್ಮಿನಲ್ಲಿ ತುಂಬಿದಾಗ ನಡುವೆ ಗಾಳಿ ಬಿಸಿ ಓಡಾಡಲು ಸಂದು ಇರುತ್ತದೆ, ಹಾಗಾಗಿ ಇದ್ದಿಲು ಏಕರೂಪವಾಗಿ ಬೇಯುತ್ತದೆ. ಬೆಂದ ಮೇಲೂ ಸ್ವಲ್ಪ ಮಟ್ಟಿಗೆ ಆಕಾರ ಉಳಿಯುತ್ತದೆ. ಬಳ್ಳಾರಿ, ಚಿತ್ರದುರ್ಗ, ಕೊಪ್ಪಳ, ಬಾಗಲಕೋಟೆಯ ಕಡೆ ಕುರಿಗೆ ಕೊರತೆಯಿಲ್ಲ. ತೊಡಕು ಇನ್ನೊಂದು ಕಡೆಯದು: ಹೊಲದಲ್ಲಿ ಕುರಿ ನಿಲ್ಲಿಸಲು ರೈತರು ಕುರಿಗಾರರಿಗೆ ಹಣ, ಕಾಳು ಕೊಡುವ ಪದ್ಧತಿ ಇರುವ ಸೀಮೆಯಲ್ಲಿ ಹಿಕ್ಕೆಯನ್ನು ತ್ಯಾಜ್ಯ ಎಂದು ಕರೆಯುವುದೇ ಕಷ್ಟ. ಒಳ್ಳೆಯ ಬೆಲೆಗೆ ಹೊಲಕ್ಕೆ ಹೋಗುವ ಗೊಬ್ಬರವನ್ನು ಬಣ್ಣದ ತೊಟ್ಟಿಗೆ ಸುರಿಯುವ ಮುನ್ನ ಲೆಕ್ಕ ಹಾಕಿ.

ಕೋಳಿ ಗೊಬ್ಬರದಲ್ಲಿ ಎರಡು ಬಗೆ, ಇವನ್ನು ಒಂದೇ ಎಂದು ತಿಳಿಯುವುದು ಸಾಮಾನ್ಯ ತಪ್ಪು. ಮೊಟ್ಟೆ ಕೋಳಿಯ ಮೇವಿನಲ್ಲಿ ಕ್ಯಾಲ್ಸಿಯಂ ಧಾರಾಳ, ಆದ್ದರಿಂದ ಹಿಕ್ಕೆಯಲ್ಲೂ ಸುಣ್ಣದ ಅಂಶ ಹೆಚ್ಚು. ಮಾಂಸದ ಕೋಳಿಯ ಶೆಡ್ಡಿನದು ಹಿಕ್ಕೆ ಮತ್ತು ಹಾಸಿಗೆಯ ಮಿಶ್ರಣ. ಭತ್ತದ ಹೊಟ್ಟು ಹಾಸಿದ್ದರೆ ಸಿಲಿಕಾ ಸೇರುತ್ತದೆ, ಮರದ ಪುಡಿ ಹಾಸಿದ್ದರೆ ಇಂಗಾಲ ಹೆಚ್ಚಾಗಿ ಇದ್ದಿಲು ಚೆನ್ನಾಗಿರುತ್ತದೆ. ಎರಡರಲ್ಲೂ ರಂಜಕ, ಪೊಟ್ಯಾಸಿಯಂ ಅಧಿಕ. ಕ್ವಿಂಟಾಲಿಗೆ ಇದ್ದಿಲಿನ ಇಳುವರಿ ಹೆಚ್ಚು ಬಂತೆಂದು ಹಿಗ್ಗಬೇಡಿ, ಅದರಲ್ಲಿ ದೊಡ್ಡ ಪಾಲು ಬೂದಿ. ತೊಳೆಯದೆ ಬಳಸಿದರೆ ಬಣ್ಣ ತೆಗೆಯುವ ನೆಪದಲ್ಲಿ ನೀರಿಗೆ ರಂಜಕ ಬೆರೆಸಿದಂತಾಗುತ್ತದೆ, ಆ ನೀರು ಕೆರೆ ಸೇರಿದರೆ ಪಾಚಿಗೆ ಹಬ್ಬ. ಮೇವಿಗೆ ಬೆರೆಸುವ ತಾಮ್ರ, ಸತುವು ಇದ್ದಿಲಿನಲ್ಲಿ ಇನ್ನಷ್ಟು ಸಾಂದ್ರವಾಗುತ್ತವೆ. ಸುಡುವಾಗಿನ ಅಮೋನಿಯಾ ವಾಸನೆಗೆ ಅಕ್ಕಪಕ್ಕದವರು ಸುಮ್ಮನಿರುವುದಿಲ್ಲ. ಇಷ್ಟೆಲ್ಲ ಹೇಳಿದ ಮೇಲೂ, ಧನ ಬಣ್ಣಗಳಿಗೆ ಇದು ಸಗಣಿ ಇದ್ದಿಲಿಗಿಂತ ಹಿಂದೆ ಬೀಳಬೇಕಾಗಿಲ್ಲ, ಖನಿಜಗಳ ವಿನಿಮಯ ಅಲ್ಲಿ ನೆರವಾಗುತ್ತದೆ. ದೊಡ್ಡ ಕೋಳಿ ಫಾರಂ ಪಕ್ಕದಲ್ಲೇ ಇದ್ದರೆ ಪರೀಕ್ಷಿಸಿ ನೋಡಲಡ್ಡಿಯಿಲ್ಲ.

ಹಂದಿಯ ಗೊಬ್ಬರಕ್ಕೂ ತಾಮ್ರ, ಸತುವಿನ ಇದೇ ಮಾತು ಅನ್ವಯಿಸುತ್ತದೆ, ಇನ್ನೂ ಜೋರಾಗಿ. ರೇಷ್ಮೆ ಹುಳುವಿನ ಹಿಕ್ಕೆಯಿಂದಲೂ ಇದ್ದಿಲು ಮಾಡಿ ಪ್ರಯೋಗಿಸಿದವರಿದ್ದಾರೆ. ರೇಷ್ಮೆ ಬೆಳೆಯುವ ಸೀಮೆಯಲ್ಲೇ ರೇಷ್ಮೆಗೆ ಬಣ್ಣವನ್ನೂ ಹಾಕುವ ನಮ್ಮ ರಾಜ್ಯದಲ್ಲಿ ಅದು ಯಾರಾದರೂ ಗಂಭೀರವಾಗಿ ಕೈಗೆತ್ತಿಕೊಳ್ಳಬೇಕಾದ ವಿಷಯ.

ಮೂಳೆಯ ಇದ್ದಿಲು: ಹಳೆಯ ಹುಲಿ

ಬಣ್ಣ ತೆಗೆಯುವ ಕೆಲಸಕ್ಕೆ ಇದ್ದಿಲು ಹೊಸದೇನಲ್ಲ. ಇದ್ದಿಲು ದ್ರಾವಣದ ಬಣ್ಣವನ್ನು ಹೀರುತ್ತದೆ ಎಂಬುದನ್ನು ಸೇಂಟ್ ಪೀಟರ್ಸ್‌ಬರ್ಗ್‌ನ ಔಷಧ ತಜ್ಞ ಲೊವಿಟ್ಸ್ 1785ರಲ್ಲಿ ಗಮನಿಸಿದ. ಫ್ರಾನ್ಸಿನ ಫಿಗ್ಯೆ ಎಂಬಾತ 1811ರಲ್ಲಿ, ಮರದ ಇದ್ದಿಲಿಗಿಂತ ಮೂಳೆಯ ಇದ್ದಿಲು ಈ ಕೆಲಸದಲ್ಲಿ ಮೇಲು ಎಂದು ತೋರಿಸಿದ. ಅದಾದ ಕೆಲವೇ ವರ್ಷಗಳಲ್ಲಿ ಯುರೋಪಿನ ಸಕ್ಕರೆ ಶುದ್ಧೀಕರಣಕ್ಕೆ ಅದು ನುಗ್ಗಿತು. ಸಕ್ಕರೆ ಪಾಕದ ಕಂದು ಬಣ್ಣಕ್ಕೆ ಕಾರಣವಾದ ವಸ್ತುಗಳು ದೊಡ್ಡ ಅಣುಗಳು, ಬಹುತೇಕ ಋಣ ಆವೇಶದವು. ಅಂದರೆ ನಮ್ಮ ರಿಯಾಕ್ಟಿವ್, ಆ್ಯಸಿಡ್ ಬಣ್ಣಗಳ ದೂರದ ನೆಂಟರು.

ಮೂಳೆಯ ಇದ್ದಿಲಿನಲ್ಲಿ ಇಂಗಾಲ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ. ಉಳಿದದ್ದು ಹೆಚ್ಚಾಗಿ ಕ್ಯಾಲ್ಸಿಯಂ ಫಾಸ್ಫೇಟ್, ಅಂದರೆ ಹೈಡ್ರಾಕ್ಸಿಅಪಟೈಟ್. ಮೇಲ್ಮೈ ಗ್ರಾಮಿಗೆ 100 ಚದರ ಮೀಟರ್ ಆಸುಪಾಸು. ಸಕ್ರಿಯ ಇಂಗಾಲದ ಪಕ್ಕದಲ್ಲಿ ಇದು ಬಡತನವೆಂದು ಕಾಣಬಹುದು, ಆದರೆ ರಂಧ್ರಗಳು ಅಗಲವಾಗಿರುವುದರಿಂದ ದಪ್ಪ ಅಣುಗಳು ಒಳಗೆ ಹೋಗುತ್ತವೆ. ಅದು ಗಟ್ಟಿ ಹರಳಾಗಿ ಸಿಗುತ್ತದೆ, ಕೊಳವೆಯಲ್ಲಿ ತುಂಬಿ ನೀರು ಹಾಯಿಸಬಹುದು. ಸಕ್ಕರೆ ಕಾರ್ಖಾನೆಗಳು ಅದನ್ನು ಗೂಡಿನಲ್ಲಿ ಮತ್ತೆ ಕಾಯಿಸಿ ಮರುಬಳಕೆ ಮಾಡುತ್ತಿದ್ದವು. ಸಗಣಿ ಇದ್ದಿಲಿಗೆ ಈ ಯಾವ ಸುಖವೂ ಇಲ್ಲ. ಋಣ ಬಣ್ಣ ಇರುವವರು ಪ್ರಾಣಿ ಮೂಲದ ಇದ್ದಿಲೇ ಬೇಕೆಂದರೆ ನಾನು ಮೊದಲು ತೋರಿಸುವುದು ಇದನ್ನೇ.

ತೊಂದರೆಗಳೂ ಇವೆ. ಸುಡುವ ಬಿಸಿ 500ರಿಂದ 700 ಡಿಗ್ರಿಯೊಳಗೆ ಇರಬೇಕು, ಅತಿಯಾದರೆ ಹರಳು ಬೆಸೆದುಕೊಂಡು ರಂಧ್ರ ಮುಚ್ಚುತ್ತದೆ. ಕೊಬ್ಬು ತೆಗೆಯದ ಮೂಳೆ ಸುಟ್ಟರೆ ವಾಸನೆ ಹೇಳತೀರದು. ತೀರ ಆಮ್ಲದ ನೀರಿನಲ್ಲಿ ಫಾಸ್ಫೇಟ್ ಕರಗತೊಡಗುತ್ತದೆ, ಆದ್ದರಿಂದ ಪಿಎಚ್ ಐದಕ್ಕಿಂತ ಕೆಳಗಿಳಿಸುವುದು ಬೇಡ. ಮನೆಯ ಹಿತ್ತಲಲ್ಲೇ ಬಣ್ಣದ ಕೆಲಸ ನಡೆಸುವ ಅನೇಕ ಕುಟುಂಬಗಳಿಗೆ ಮೂಳೆ ಎಂಬ ಮಾತೇ ಒಗ್ಗುವುದಿಲ್ಲ. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದರಲ್ಲಿ ಅರ್ಥವಿಲ್ಲ. ದಿನವೂ ಕೈಯಲ್ಲಿ ಮುಟ್ಟಬೇಕಾದವರು ಅವರು.

ಕರಾವಳಿಯವರಿಗೆ ಇನ್ನೊಂದು ದಾರಿಯಿದೆ: ಸಿಗಡಿ, ಏಡಿಯ ಚಿಪ್ಪು. ಹೆಚ್ಚು ಬಿಸಿಯಲ್ಲಿ ಸುಟ್ಟರೆ ಅದರ ಸುಣ್ಣದ ಅಂಶ ಬಣ್ಣವನ್ನು ಹಿಡಿಯುವುದರ ಜೊತೆಗೆ ಗುಂಪುಗಟ್ಟಿಸಿ ತಳಕ್ಕೆ ಇಳಿಸುತ್ತದೆ, ಋಣ ಬಣ್ಣಗಳನ್ನೂ ಸೇರಿಸಿ. ಆದರೆ ಮಂಗಳೂರಿನ ಚಿಪ್ಪನ್ನು ಇಳಕಲ್ಲಿಗೆ ಲಾರಿಯಲ್ಲಿ ಸಾಗಿಸುವುದು ಲೆಕ್ಕಕ್ಕೆ ಹೊಂದುವುದಿಲ್ಲ.

ಸುಡುವ ಹದ

ಡ್ರಮ್ ಒಲೆಯಲ್ಲಿ ಗಾಳಿಯ ಬಾಯಿ ಮುಚ್ಚುವುದು ತಡವಾದರೆ ಸಿಗುವುದು ಇದ್ದಿಲಲ್ಲ, ವಿಭೂತಿ. ಬಿಸಿ ಎಷ್ಟಿರಬೇಕೆಂಬುದು ಮತ್ತೆ ಬಣ್ಣವನ್ನೇ ಅವಲಂಬಿಸುತ್ತದೆ. 350ರಿಂದ 450 ಡಿಗ್ರಿಯಲ್ಲಿ ಬೆಂದ ಇದ್ದಿಲಿನಲ್ಲಿ ಆಮ್ಲಜನಕದ ಗುಂಪುಗಳು ಹೆಚ್ಚು ಉಳಿಯುತ್ತವೆ, ಇಳುವರಿಯೂ ಹೆಚ್ಚು, ಧನ ಬಣ್ಣಕ್ಕೆ ಅದು ಸಾಕು. 600ರ ಮೇಲೆ ಬೆಂದದ್ದರಲ್ಲಿ ರಂಧ್ರ, ಉಂಗುರ ರಚನೆ ಹೆಚ್ಚು, ಋಣ ಬಣ್ಣದ ಕಡೆ ಅದು ಲೇಸು, ಆದರೆ ಬೂದಿಯೂ ಕ್ಷಾರವೂ ಏರಿರುತ್ತವೆ. ಕಡಿಮೆ ಬಿಸಿಯಲ್ಲಿ ಅರೆಬೆಂದ ಇದ್ದಿಲು ನೀರಿಗೆ ತನ್ನದೇ ಕಂದು ಬಣ್ಣ ಬಿಡುತ್ತದೆ. ಅದನ್ನು ಬಳಸಲೇಬೇಡಿ.

ಯಾವ ಗೊಬ್ಬರದ್ದಾದರೂ ಬಳಸುವ ಮುನ್ನ ತೊಳೆಯಿರಿ. ಸಾದಾ ನೀರಿನಲ್ಲಿ ಎರಡು ಮೂರು ಬಾರಿ ತೊಳೆದರೆ ಪೊಟ್ಯಾಸಿಯಂ, ಕರಗುವ ರಂಜಕ ಬಹಳಷ್ಟು ಹೊರಡುತ್ತವೆ. ಆ ತೊಳೆದ ನೀರು ತೋಟಕ್ಕೆ ಒಳ್ಳೆಯದು, ಬಣ್ಣ ಇನ್ನೂ ಮುಟ್ಟಿಲ್ಲದ ಕಾರಣ. ಆ್ಯಸಿಡ್ ಬಣ್ಣಕ್ಕಾಗಿ ಬಳಸುವುದಾದರೆ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ ತೊಳೆಯುವುದರಿಂದ ಬೂದಿ ಕರಗಿ ರಂಧ್ರ ತೆರೆಯುತ್ತದೆ. ಆದರೆ ಮೂಳೆಯ ಇದ್ದಿಲಿಗೆ ಆಮ್ಲ ಮುಟ್ಟಿಸಬೇಡಿ, ಅದರ ಜೀವವೇ ಆ ಖನಿಜ. ಕಾಸ್ಟಿಕ್ ಪೊಟ್ಯಾಷ್ ಅಥವಾ ಝಿಂಕ್ ಕ್ಲೋರೈಡ್ ಬೆರೆಸಿ ಸುಟ್ಟು ಸಾವಿರ ಚದರ ಮೀಟರ್ ಮೇಲ್ಮೈ ಪಡೆಯುವ ವಿಧಾನಗಳು ಪ್ರಬಂಧಗಳಲ್ಲಿ ಸಿಗುತ್ತವೆ. ಅಷ್ಟೆಲ್ಲ ರಾಸಾಯನಿಕ ಕೊಂಡು, ಅದರ ತೊಳೆ ನೀರಿಗೆ ಇನ್ನೊಂದು ಶುದ್ಧೀಕರಣ ಹುಡುಕುವುದಕ್ಕಿಂತ ಅಂಗಡಿಯಿಂದ ಸಕ್ರಿಯ ಇಂಗಾಲ ತರುವುದು ಮೇಲು.

ದನಗಳ ಲೆಕ್ಕ

ಎರಡು ಮನೆಗಳನ್ನು ಊಹಿಸಿಕೊಳ್ಳೋಣ. ಮೊದಲನೆಯದು ರೇಷ್ಮೆಗೆ ಬಣ್ಣ ಹಾಕುವ ಮನೆ. ದಿನಕ್ಕೆ 500 ಲೀಟರ್ ನೀರು, ಲೀಟರಿಗೆ 40 ಮಿಲಿಗ್ರಾಂ ಬಣ್ಣ ಉಳಿದಿದೆ ಎಂದಿಟ್ಟುಕೊಳ್ಳಿ. ಒಟ್ಟು 20 ಗ್ರಾಂ ಬಣ್ಣ. ತೊಳೆದ ಇದ್ದಿಲು ಗ್ರಾಮಿಗೆ 10 ಮಿಲಿಗ್ರಾಂ ಹಿಡಿದರೆ 2 ಕಿಲೊ ಇದ್ದಿಲು ಬೇಕು. ಒಣ ಸಗಣಿಯಿಂದ ಶೇಕಡಾ 40 ಇದ್ದಿಲು ಬಂದರೆ 5 ಕಿಲೊ ಒಣ ಸಗಣಿ, ಅಂದರೆ 25 ಕಿಲೊ ಹಸಿ ಸಗಣಿ. ದನವೊಂದು ದಿನಕ್ಕೆ ಸುಮಾರು 10 ಕಿಲೊ ಹಾಕುತ್ತದೆ. ಎರಡು ಮೂರು ದನ ಸಾಕಾಯಿತು.

ಎರಡನೆಯದು ಹತ್ತಿಗೆ ರಿಯಾಕ್ಟಿವ್ ಬಣ್ಣ ಹಾಕುವ ಮನೆ. 2000 ಲೀಟರ್ ನೀರು, ಲೀಟರಿಗೆ 150 ಮಿಲಿಗ್ರಾಂ ಬಣ್ಣ. ಒಟ್ಟು 300 ಗ್ರಾಂ. ಕ್ಷಾರದ ನೀರಿನಲ್ಲಿ ಇದ್ದಿಲು ಗ್ರಾಮಿಗೆ 5 ಮಿಲಿಗ್ರಾಂ ಮಾತ್ರ ಹಿಡಿಯಿತೆಂದರೆ 60 ಕಿಲೊ ಇದ್ದಿಲು, 150 ಕಿಲೊ ಒಣ ಸಗಣಿ, 750 ಕಿಲೊ ಹಸಿ ಸಗಣಿ. ಎಪ್ಪತ್ತೈದು ದನ ಕಟ್ಟಿಕೊಂಡು ಬಣ್ಣದ ಕೆಲಸ ಮಾಡುವುದಕ್ಕಿಂತ ಡೇರಿ ತೆರೆಯುವುದೇ ವಾಸಿ. ದಿನವೂ 60 ಕಿಲೊ ಒದ್ದೆ, ಬಣ್ಣ ಹಿಡಿದ ಇದ್ದಿಲನ್ನು ಎಲ್ಲಿಡುವುದೆಂಬ ಪ್ರಶ್ನೆ ಬೇರೆ. ಇಂತಹ ಮನೆಯಲ್ಲಿ ಮೊದಲು ಅನ್ನಭೇದಿ-ಸುಣ್ಣದಿಂದ ಎಷ್ಟು ಇಳಿಯುತ್ತದೆಂದು ನೋಡಿ, ಉಳಿದ ಛಾಯೆಯನ್ನು ಮಾತ್ರ ಇದ್ದಿಲಿಗೆ ಬಿಡಬೇಕು. ರಿಯಾಕ್ಟಿವ್ ಬಣ್ಣಗಳೆಲ್ಲ ಪಟಿಕಕ್ಕೆ ಸುಲಭವಾಗಿ ಜಗ್ಗುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು.

ಸಕ್ರಿಯ ಇಂಗಾಲ ಕೊಳ್ಳುವವರಿಗೆ ಒಂದು ಮಾತು. ತಿಪಟೂರು, ತುಮಕೂರಿನ ಸೀಮೆಯ ನಮಗೆ ತೆಂಗಿನ ಚಿಪ್ಪಿನ ಇಂಗಾಲ ಎಂದರೆ ಅಭಿಮಾನ. ಆದರೆ ಅದರ ರಂಧ್ರಗಳು ಬಹಳ ಕಿರಿದು. ಸಣ್ಣ ಅಣುಗಳಿಗೆ ಅದು ಅದ್ಭುತ, ದಪ್ಪನೆಯ ಡೈರೆಕ್ಟ್, ರಿಯಾಕ್ಟಿವ್ ಬಣ್ಣಗಳಿಗೆ ಅಷ್ಟಕ್ಕಷ್ಟೆ. ಅಗಲ ರಂಧ್ರದ ಮರದ ಇಂಗಾಲವನ್ನು ಕೇಳಿ ಪಡೆಯಿರಿ. ಬೆಲೆಯನ್ನು ಕಿಲೊ ಲೆಕ್ಕದಲ್ಲಿ ಹೋಲಿಸದೆ, ಒಂದು ಗ್ರಾಂ ಬಣ್ಣ ತೆಗೆಯಲು ಎಷ್ಟು ಖರ್ಚಾಯಿತು ಎಂದು ಹೋಲಿಸಿದರೆ ಅಗ್ಗದ ಇದ್ದಿಲು ಎಷ್ಟೋ ಸಲ ದುಬಾರಿಯಾಗಿ ಕಾಣುತ್ತದೆ.

ಬಾಟಲಿ ಪರೀಕ್ಷೆ

ಯಾರ ಮಾತನ್ನೂ, ಈ ಬರಹವನ್ನೂ ಸೇರಿಸಿ, ನಂಬುವ ಮೊದಲು ನಿಮ್ಮದೇ ನೀರಿನಲ್ಲಿ ನೋಡಿ. ಪಾರದರ್ಶಕ ಬಾಟಲಿಗಳಲ್ಲಿ ಒಂದೊಂದು ಲೀಟರ್ ಬಣ್ಣದ ನೀರು ತುಂಬಿ, 2, 5, 10, 20 ಗ್ರಾಂ ಇದ್ದಿಲು ಹಾಕಿ. ಒಂದರಲ್ಲಿ ಇದ್ದಿಲು ಹಾಕದೆ ಹಾಗೆಯೇ ಬಿಡಿ, ಇನ್ನೊಂದರಲ್ಲಿ ಸಾದಾ ನೀರಿಗೆ ಇದ್ದಿಲು ಹಾಕಿ. ಈ ಕೊನೆಯ ಬಾಟಲಿಯನ್ನು ಬಹಳ ಜನ ಮರೆಯುತ್ತಾರೆ. ಇದ್ದಿಲು ತಾನೇ ಏನನ್ನು ನೀರಿಗೆ ಬಿಡುತ್ತದೆ ಎಂದು ಹೇಳುವುದು ಅದೊಂದೇ. ಒಂದೆರಡು ಗಂಟೆ ಆಗಾಗ ಕುಲುಕಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಸೋಸಿ.

ಅಳೆಯುವ ಯಂತ್ರವಿಲ್ಲದಿದ್ದರೆ ಮೂಲ ಬಣ್ಣದ ನೀರನ್ನೇ ಎರಡು ಪಟ್ಟು, ನಾಲ್ಕು, ಎಂಟು, ಹದಿನಾರು ಪಟ್ಟು ತೆಳುಮಾಡಿ ಸಾಲಾಗಿಡಿ. ಹಿಂದೆ ಬಿಳಿ ಹಾಳೆ ಹಿಡಿದು ಹೋಲಿಸಿದಾಗ ಸೋಸಿದ ನೀರು ಎಂಟು ಪಟ್ಟಿನದಕ್ಕೆ ಸಮನಾಗಿ ಕಂಡರೆ ಶೇಕಡಾ 87ರಷ್ಟು ಬಣ್ಣ ಹೋಗಿದೆ ಎಂದರ್ಥ.

ಇಲ್ಲೊಂದು ಮೋಸವಿದೆ. ಮ್ಯಾಲಕೈಟ್ ಗ್ರೀನ್, ಕ್ರಿಸ್ಟಲ್ ವಯಲೆಟ್ ಬಣ್ಣಗಳು ಕ್ಷಾರದ ನೀರಿನಲ್ಲಿ ತಾವಾಗಿಯೇ ಬಣ್ಣ ಕಳೆದುಕೊಳ್ಳುತ್ತವೆ. ಗೊಬ್ಬರದ ಇದ್ದಿಲು ಪಿಎಚ್ ಏರಿಸಿದಾಗ ನೀರು ತಿಳಿಯಾದದ್ದು ಇದ್ದಿಲು ಹಿಡಿದದ್ದರಿಂದಲೋ, ಬಣ್ಣ ವೇಷ ಬದಲಿಸಿದ್ದರಿಂದಲೋ ಗೊತ್ತಾಗುವುದಿಲ್ಲ. ಸೋಸಿದ ನೀರಿಗೆ ಕೊಂಚ ಆಮ್ಲ ಸೇರಿಸಿ ಪಿಎಚ್ ಮೊದಲಿನ ಮಟ್ಟಕ್ಕೆ ತಂದು, ಒಂದು ದಿನ ಬಿಟ್ಟು ನೋಡಿ. ಬಣ್ಣ ಮರಳಿದರೆ ಅದು ನೀರಿನಲ್ಲೇ ಇತ್ತು. ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು ಈ ಒಂದು ಪರೀಕ್ಷೆ ಮಾಡಿದರೆ ಮಾರ್ಗದರ್ಶಕರ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿಕ್ಕಂತೆ.

ಬಣ್ಣ ಹೋದರೆ ನೀರು ಶುದ್ಧವಾಯಿತೇ ಎಂದರೆ, ಇಲ್ಲ. ಉಪ್ಪನ್ನು ಯಾವ ಇದ್ದಿಲೂ ಹಿಡಿಯುವುದಿಲ್ಲ. ತಮಿಳುನಾಡಿನ ತಿರುಪ್ಪೂರಿನಲ್ಲಿ ನೊಯ್ಯಲ್ ನದಿ ಕೆಟ್ಟ ಕಾರಣಕ್ಕೆ ಮದ್ರಾಸ್ ಹೈಕೋರ್ಟ್ 2011ರ ಜನವರಿಯಲ್ಲಿ ಬಣ್ಣದ ಘಟಕಗಳನ್ನು ಮುಚ್ಚಿಸಿತು. ಅಲ್ಲಿನ ಹೊಲ ಬಾವಿಗಳನ್ನು ಕೆಡಿಸಿದ್ದರಲ್ಲಿ ಕಣ್ಣಿಗೆ ಕಾಣದ ಉಪ್ಪಿನ ಪಾಲು ದೊಡ್ಡದಿತ್ತು. ಜೇಬಿನಲ್ಲಿಡುವ ಟಿಡಿಎಸ್ ಮಾಪಕ (ನೀರಿನಲ್ಲಿ ಕರಗಿದ ಉಪ್ಪು ಮುಂತಾದವನ್ನು ಅಳೆಯುವುದು) ಒಂದನ್ನು ಕೊಂಡುಕೊಳ್ಳಿ. ತಿಳಿಯಾದ ನೀರಿನ ಟಿಡಿಎಸ್ ಲೀಟರಿಗೆ 2100 ಮಿಲಿಗ್ರಾಂ ದಾಟಿದರೆ ಹೊರಗೆ ಬಿಡುವಂತಿಲ್ಲ. ಅದನ್ನು ಮುಂದಿನ ಹಂಡೆಗೇ ಬಳಸಲು ಸಾಧ್ಯವೇ ನೋಡಬೇಕು. ಗಾಢ ಬಣ್ಣದ ಹಂಡೆಗೆ ಉಪ್ಪು ಹೇಗೂ ಬೇಕಾಗುತ್ತದೆ.

ಬಳಸಿದ ಇದ್ದಿಲಿನ ಗತಿ

ಆಯ್ಕೆಯ ಲೆಕ್ಕದಲ್ಲಿ ಇದನ್ನು ಕೊನೆಗೆ ಬಿಡುವುದೇ ರೂಢಿ, ಆದರೆ ನಿಜವಾದ ಖರ್ಚು ಇಲ್ಲೇ ಅಡಗಿರುತ್ತದೆ. ಬಯೋಚಾರ್ ಎಂದರೆ ಹೊಲಕ್ಕೆ ಒಳ್ಳೆಯದು ಎಂದು ಓದಿಕೊಂಡವರು ಬಣ್ಣ ಹಿಡಿದ ಇದ್ದಿಲನ್ನೂ ಹೊಲಕ್ಕೆ ಚೆಲ್ಲಲು ಹೊರಡುತ್ತಾರೆ. ಬೇಡ. ಹಿಡಿದ ಬಣ್ಣ ಇದ್ದಿಲಿನಲ್ಲಿ ಶಾಶ್ವತವಾಗಿ ಕೂರುವುದಿಲ್ಲ, ಮಣ್ಣಿನ ಪಿಎಚ್ ಬದಲಾದಂತೆ ಬಿಡುಗಡೆಯಾಗಬಹುದು. ಕೆಲವು ಅಜೋ ಬಣ್ಣಗಳು (ಅಣುವಿನಲ್ಲಿ ಸಾರಜನಕದ ಜೋಡಿ ಕೊಂಡಿ ಇರುವವು) ಗಾಳಿಯಿಲ್ಲದ ಕಡೆ ಒಡೆದು ವಿಷಕಾರಿ ಅಮೀನುಗಳಾಗುತ್ತವೆ. ಒಲೆಗೆ ಹಾಕುವುದೂ ಸಲ್ಲ. ರೇಷ್ಮೆಗೆ ಬಳಸುವ ಮೆಟಲ್ ಕಾಂಪ್ಲೆಕ್ಸ್ ಬಣ್ಣಗಳಲ್ಲಿ ಕ್ರೋಮಿಯಂ ಅಥವಾ ಕೋಬಾಲ್ಟ್ ಇರುತ್ತದೆ, ಕ್ಷಾರದ ಬೂದಿಯ ಜೊತೆ ಸುಟ್ಟಾಗ ಕ್ರೋಮಿಯಂ ಇನ್ನೂ ಅಪಾಯಕಾರಿ ರೂಪಕ್ಕೆ ತಿರುಗಬಹುದು.

ನೆರಳಿನಲ್ಲಿ ಒಣಗಿಸಿ, ಚೀಲ ಕಟ್ಟಿ, ದಿನಾಂಕ ಮತ್ತು ಬಣ್ಣದ ಹೆಸರು ಬರೆದಿಟ್ಟು, ಅಪಾಯಕಾರಿ ತ್ಯಾಜ್ಯ ಸ್ವೀಕರಿಸುವ ಅಧಿಕೃತ ಘಟಕಕ್ಕೆ ಕೊಡಬೇಕು. ಒಂಟಿ ಮನೆಗೆ ಇದು ಭಾರ, ಒಂದು ಓಣಿಯವರು ಇಲ್ಲವೇ ಸಹಕಾರ ಸಂಘದವರು ಸೇರಿ ಮಾಡಿದರೆ ನಿಭಾಯಿಸಬಹುದು. ಕೊಡುವ ಮೊದಲು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ವಿಚಾರಿಸಿ. ಚೀಲಗಳ ಸಂಖ್ಯೆ ಕಡಿಮೆಯಿದ್ದಷ್ಟೂ ಈ ಖರ್ಚು ಕಡಿಮೆ, ಆದ್ದರಿಂದ ಗ್ರಾಮಿಗೆ ಹೆಚ್ಚು ಬಣ್ಣ ಹಿಡಿಯುವ ಇದ್ದಿಲು ಕೊಳ್ಳುವಾಗ ದುಬಾರಿಯಾದರೂ ಕೊನೆಗೆ ಉಳಿತಾಯವಾಗಬಹುದು. ಸಗಣಿ ಇದ್ದಿಲು ಪುಕ್ಕಟೆ ಎಂದು ಬೀಗುವವರು ಈ ಚೀಲಗಳನ್ನು ಎಣಿಸಿರುವುದಿಲ್ಲ.

ಅರಿಶಿನ, ಮಂಜಿಷ್ಠ, ದಾಳಿಂಬೆ ಸಿಪ್ಪೆಯಂತಹ ಸಸ್ಯ ಬಣ್ಣಗಳನ್ನು ಪಟಿಕದ ಜೊತೆ ಮಾತ್ರ ಬಳಸುವವರಿಗೆ ಈ ಕಟ್ಟುನಿಟ್ಟು ಅಷ್ಟಾಗಿ ಬೇಕಿಲ್ಲ. ಅವರ ಬಳಸಿದ ಇದ್ದಿಲನ್ನು ಹೂಗಿಡಗಳ ಬುಡಕ್ಕೆ, ತಿನ್ನುವ ಬೆಳೆಯಿಂದ ದೂರವಾಗಿ, ಹಾಕಬಹುದು. ಬಣ್ಣ ಗಟ್ಟಿಯಾಗಲೆಂದು ಮೈಲುತುತ್ತವನ್ನೋ (ತಾಮ್ರದ ಲವಣ) ಕ್ರೋಮನ್ನೋ (ಕ್ರೋಮಿಯಂ ಲವಣ) ಸೇರಿಸಿದ್ದರೆ ಅದೂ ಚೀಲಕ್ಕೇ ಹೋಗಬೇಕು.